ಸಂಧಿಯ ಸಹಿ ಯಾರದು, ಬೆಲೆ ಯಾರದು?

ನಮ್ಮ ಮನೆಗಳಲ್ಲಿ ಇತಿಹಾಸದ ಮಾತು ಬಂದಾಗಲೆಲ್ಲ ಅದು ಹೆಚ್ಚಾಗಿ ಇಬ್ಬರು ಅರಸರ ಹೆಸರಿನಲ್ಲಿ ಬಂದು ನಿಲ್ಲುತ್ತದೆ. ಒಬ್ಬರು 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಲೇ ಮಡಿದ ಟಿಪ್ಪು ಸುಲ್ತಾನರು. ಇನ್ನೊಬ್ಬರು ಅದೇ ಯುದ್ಧದಲ್ಲಿ ಇಂಗ್ಲಿಷ್ ಕಂಪೆನಿಯ ಪಕ್ಷದಲ್ಲಿ ನಿಂತ ಹೈದರಾಬಾದಿನ ನಿಜಾಮ್ ಅಲಿ ಖಾನರು. ಒಬ್ಬರನ್ನು ಕೊಂಡಾಡಿ ಇನ್ನೊಬ್ಬರನ್ನು ಜರೆದು ಮಾತು ಮುಗಿಸುವುದು ಸುಲಭ. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ನಮಗೆ ಅದು ಅಷ್ಟು ಸುಲಭವಲ್ಲ. ನಮ್ಮ ಹಿರಿಯರು 1948ರವರೆಗೆ ಆಸಫಿಯಾ ರಾಜ್ಯದ ಪ್ರಜೆಗಳಾಗಿದ್ದವರು. ಆ ಮನೆತನ ಮಾಡಿಕೊಂಡ ಸಂಧಿಗಳ ನೆರಳಿನಲ್ಲಿಯೇ ನೂರೈವತ್ತು ವರ್ಷ ಬಾಳಿದವರು.

ಆದ್ದರಿಂದ ಯಾರು ವೀರರು, ಯಾರು ದ್ರೋಹಿಗಳು ಎಂಬ ಹಳೆಯ ತರ್ಕವನ್ನು ಬದಿಗಿಟ್ಟು ಬೇರೊಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ. ಒಂದು ರಾಜ್ಯವು ಪರರಾಜ್ಯದೊಡನೆ ಸಂಧಿ ಮಾಡಿಕೊಳ್ಳುವಾಗ ಅದರ ಬೆಲೆಯನ್ನು ತೆರಬೇಕಾದವರ ಮಾತನ್ನು ಕೇಳಲಾಗುತ್ತದೆಯೇ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಒಂದೇ ದಶಕದ ಎರಡು ದೇಶಗಳನ್ನು ನೋಡೋಣ. ಒಂದು ನಮ್ಮ ದಖ್ಖನ್. ಇನ್ನೊಂದು ಆಗ ತಾನೇ ಕಣ್ಣು ತೆರೆದಿದ್ದ ಅಮೆರಿಕದ ಗಣರಾಜ್ಯ.

ಇವೆರಡನ್ನೂ ಒಟ್ಟಿಗೆ ನೋಡುವುದು ವಿಚಿತ್ರವೆಂದು ತೋರಬಹುದು. ಆದರೆ ಆ ಕಾಲದವರಿಗೆ ಹಾಗೆ ತೋರಿರಲಿಲ್ಲ. 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೂ ಫ್ರೆಂಚರಿಗೂ ಶರಣಾದ ಸೇನೆಯ ದಂಡನಾಯಕ ಲಾರ್ಡ್ ಕಾರ್ನ್‌ವಾಲಿಸನೇ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು, 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡನು. ಅತ್ತ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ನಮ್ಮ ಹೈದರ್ ಅಲಿಯ ಹೆಸರನ್ನಿಟ್ಟಿದ್ದರು. ಆ ನೌಕೆ 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಒಂದು ಇಂಗ್ಲಿಷ್ ಹಡಗನ್ನು ಸೆರೆಹಿಡಿಯಿತು. ಇಂಗ್ಲೆಂಡ್ ಮತ್ತು ಫ್ರಾನ್ಸ್ ಎಂಬ ಎರಡು ಮಹಾಶಕ್ತಿಗಳ ಸೆಣಸಾಟದ ನಡುವೆ ಸಿಲುಕಿದ ಸಣ್ಣ ರಾಜ್ಯಗಳು ತಾವೆಂಬುದು ಎರಡೂ ಕಡೆಯವರಿಗೆ ತಿಳಿದಿತ್ತು.

ಪರದೇಶಗಳೊಡನೆ ಸಂಬಂಧ ನಮ್ಮ ನೆಲಕ್ಕೆ ಹೊಸತೇನೂ ಅಲ್ಲ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತು ಮತ್ತು ಹತ್ತನೆಯ ಶತಮಾನಗಳ ಅರಬ್ ಬರಹಗಾರರು ಅದನ್ನು 'ಮಾನ್ಕೀರ್' ಎಂದು ಕರೆದರು. ಅಲ್ಲಿಯ ದೊರೆಯನ್ನು 'ಬಲ್ಹರಾ' ಎಂದು ಹೆಸರಿಸಿ, ಅವನ ರಾಜ್ಯದಲ್ಲಿ ಮುಸ್ಲಿಮ್ ವರ್ತಕರಿಗೆ ಗೌರವವೂ ರಕ್ಷಣೆಯೂ ಇದ್ದುದನ್ನು ಮೆಚ್ಚಿ ಬರೆದರು. ಆ ಸಖ್ಯವು ವ್ಯಾಪಾರದ ಮತ್ತು ಪರಸ್ಪರ ಮರ್ಯಾದೆಯ ಮೇಲೆ ನಿಂತಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇದೇ ನೆಲದ ಮೇಲೆ ಹೇರಲ್ಪಟ್ಟ ಸಖ್ಯದ ಸ್ವರೂಪವೇ ಬೇರೆ.

ಖರ್ಡಾದಿಂದ ಹೈದರಾಬಾದಿಗೆ

1790ರಲ್ಲಿ ನಿಜಾಮ್ ಅಲಿ ಖಾನರು ಕಂಪೆನಿ ಮತ್ತು ಮರಾಠರೊಡನೆ ಸೇರಿ ಟಿಪ್ಪುವಿನ ವಿರುದ್ಧ ತ್ರಿಪಕ್ಷ ಮೈತ್ರಿ ಮಾಡಿಕೊಂಡರು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಮೈಸೂರಿನ ನೆಲದ ಒಂದು ಪಾಲು ಅವರಿಗೆ ಸಿಕ್ಕಿತು. ಆದರೆ ಮೂರೇ ವರ್ಷಗಳಲ್ಲಿ, 1795ರ ಮಾರ್ಚ್‌ನಲ್ಲಿ, ಹಿಂದಿನ ಮಿತ್ರರಾದ ಮರಾಠರೇ ಖರ್ಡಾದಲ್ಲಿ ಅವರನ್ನು ಸೋಲಿಸಿದರು. ನಿಜಾಮರು ಕಂಪೆನಿಯ ನೆರವನ್ನು ಕೋರಿದರು. ಗವರ್ನರ್ ಜನರಲ್ ಸರ್ ಜಾನ್ ಶೋರ್ ತಾನು ತಟಸ್ಥನೆಂದು ಹೇಳಿ ಕೈಕಟ್ಟಿ ಕುಳಿತನು. ಪ್ರಧಾನಮಂತ್ರಿ ಅರಿಸ್ತು ಜಾಹರನ್ನು ಒತ್ತೆಯಾಳಾಗಿ ಪುಣೆಗೆ ಒಪ್ಪಿಸಬೇಕಾಯಿತು. ದೌಲತಾಬಾದ್ ಕೋಟೆಯನ್ನೂ ಅಪಾರ ಹಣವನ್ನೂ ಕೊಡುವೆವೆಂದು ಮಾತು ಕೊಡಬೇಕಾಯಿತು. ಅದೇ ವರ್ಷ ನಿಜಾಮರ ಮಗ ಆಲಿ ಜಾಹ್ ತಂದೆಯ ವಿರುದ್ಧವೇ ದಂಗೆಯೆದ್ದು, ಚಿಂಚೋಳಿಯ ನೆರೆಯ ಬೀದರ್ ಕೋಟೆಯನ್ನು ಸೇರಿಕೊಂಡನು.

ಮಿತ್ರನೆಂದು ನಂಬಿದವನು ಕೈಬಿಟ್ಟಾಗ ನಿಜಾಮರು ಫ್ರೆಂಚ್ ಸೇನಾನಿ ರೇಮಂಡ್‌ನತ್ತ ತಿರುಗಿದರು. ಆಲಿ ಜಾಹನ ದಂಗೆಯನ್ನು ಅಡಗಿಸಿದವನೂ ಅವನೇ. ಅವನ ಕೈಕೆಳಗಿನ ತರಬೇತಾದ ಪಡೆ ಸುಮಾರು 14,000 ಜನರವರೆಗೆ ಬೆಳೆಯಿತು. ಹೀಗೆ ದರ್ಬಾರಿನಲ್ಲಿ ಇಂಗ್ಲಿಷರ ಪರವಾದ ಒಂದು ಗುಂಪು, ಫ್ರೆಂಚರ ಪರವಾದ ಇನ್ನೊಂದು ಗುಂಪು ಹುಟ್ಟಿಕೊಂಡವು. 1798ರ ಮಾರ್ಚ್‌ನಲ್ಲಿ ರೇಮಂಡ್ ತೀರಿಕೊಂಡನು. ಅಷ್ಟರಲ್ಲಿ ಪುಣೆಯಿಂದ ಬಿಡುಗಡೆಯಾಗಿ ಬಂದಿದ್ದ ಅರಿಸ್ತು ಜಾಹರು ಕಂಪೆನಿಯ ಸಖ್ಯದತ್ತ ವಾಲಿದ್ದರು. ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿ ಅವಕಾಶವನ್ನು ಕಳೆದುಕೊಳ್ಳಲಿಲ್ಲ.

1798ರ ಸೆಪ್ಟೆಂಬರ್ 1ರಂದು ಸಹಾಯಕ ಸೈನ್ಯ ಪದ್ಧತಿಯ ಒಪ್ಪಂದಕ್ಕೆ ಸಹಿ ಬಿದ್ದಿತು. ಕಂಪೆನಿಯ 6,000 ಸಿಪಾಯಿಗಳು ನಿಜಾಮರ ರಾಜ್ಯದಲ್ಲಿ ನೆಲೆಸಬೇಕು. ಅದಕ್ಕಾಗಿ ನಿಜಾಮರು ವರ್ಷಕ್ಕೆ 24,17,100 ರೂಪಾಯಿ ಕೊಡಬೇಕು. ಫ್ರೆಂಚ್ ಅಧಿಕಾರಿಗಳನ್ನು ಹೊರಹಾಕಬೇಕು. ಅಕ್ಟೋಬರ್ 22ರಂದು ಕಂಪೆನಿಯ ಪಡೆಗಳು ಫ್ರೆಂಚ್ ದಂಡನ್ನು ಸುತ್ತುವರಿದವು. ಅಷ್ಟು ದೊಡ್ಡ ಪಡೆಯು ಕೆಲವೇ ಗಂಟೆಗಳಲ್ಲಿ ಆಯುಧಗಳನ್ನು ಕೆಳಗಿಟ್ಟಿತು. ಸುಮಾರು ಆರು ತಿಂಗಳ ತರುವಾಯ ಶ್ರೀರಂಗಪಟ್ಟಣ ಬಿದ್ದಿತು.

1800ರ ಅಕ್ಟೋಬರ್ 12ರ ಒಪ್ಪಂದವು ಇನ್ನೂ ಮುಂದಕ್ಕೆ ಹೋಯಿತು. ಸೈನ್ಯದ ಖರ್ಚಿಗೆ ಹಣದ ಬದಲು ನೆಲವನ್ನೇ ಬಿಟ್ಟುಕೊಡಬೇಕಾಯಿತು. 1792 ಮತ್ತು 1799ರ ಯುದ್ಧಗಳಲ್ಲಿ ಮೈಸೂರಿನಿಂದ ನಿಜಾಮರಿಗೆ ಬಂದಿದ್ದ ಪ್ರಾಂತಗಳು ಕಂಪೆನಿಯ ಪಾಲಾದವು. ಬಳ್ಳಾರಿ ಹೀಗೆಯೇ ಮದರಾಸಿನ ಆಡಳಿತಕ್ಕೆ ಸೇರಿತು. ಕಲಬುರಗಿ, ರಾಯಚೂರು, ಬೀದರ್‌ಗಳು ಹೈದರಾಬಾದಿನಲ್ಲಿ ಉಳಿದವು. ಟಿಪ್ಪುವಿನ ವಿರುದ್ಧ ಗಳಿಸಿದ ನೆಲವೆಲ್ಲವೂ ಆ ಗಳಿಕೆಗೆ ಜೊತೆಯಾದವನ ಕೈಸೇರಿತು. ಇನ್ನು ಮುಂದೆ ಕಂಪೆನಿಗೆ ತಿಳಿಸದೆ ಬೇರಾವ ರಾಜ್ಯದೊಡನೆಯೂ ಮಾತುಕತೆ ನಡೆಸಬಾರದೆಂಬ ನಿಬಂಧನೆಗೂ ನಿಜಾಮರು ಒಳಪಟ್ಟರು. ವಿದೇಶಾಂಗ ನೀತಿಯನ್ನು ಉಳಿಸಿಕೊಳ್ಳಲೆಂದು ಮಾಡಿದ ಸಂಧಿಯಲ್ಲಿ ವಿದೇಶಾಂಗ ನೀತಿಯೇ ಕೈಬಿಟ್ಟುಹೋಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಒಪ್ಪಂದಗಳು ದರ್ಬಾರಿನ ಕೆಲವು ಮಂದಿ ಮತ್ತು ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್‌ನ ನಡುವೆ ಆದವು. ಕಂದಾಯ ಕಟ್ಟುವ ಹಳ್ಳಿಗಳಿಗೆ ಇದರ ಸುದ್ದಿಯೂ ತಲುಪಬೇಕಿರಲಿಲ್ಲ, ಅವರ ಸಮ್ಮತಿಯೂ ಬೇಕಿರಲಿಲ್ಲ. ಟಿಪ್ಪುವಿನ ಕಡೆಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಅವರು ಇಸ್ತಾಂಬುಲಿಗೂ ಪ್ಯಾರಿಸಿಗೂ ರಾಯಭಾರಿಗಳನ್ನು ಕಳುಹಿಸಿದರು. ದೂರದೃಷ್ಟಿಯಲ್ಲಿ ಅವರಿಗೆ ಸಮಾನರು ಆ ಕಾಲದಲ್ಲಿ ವಿರಳ. ಆದರೆ ಮಾರಿಷಸ್‌ಗೆ ಅವರು ಗುಟ್ಟಾಗಿ ಕಳುಹಿಸಿದ ದೂತರ ಸಂಗತಿಯನ್ನು ಅಲ್ಲಿಯ ಫ್ರೆಂಚ್ ಗವರ್ನರ್ ಮಾಲಾರ್ಟಿಕ್ 1798ರ ಜನವರಿಯಲ್ಲಿ ಬಹಿರಂಗ ಘೋಷಣೆಯಾಗಿ ಹೊರಡಿಸಿಬಿಟ್ಟನು. ಮಂಗಳೂರಿಗೆ ಬಂದಿಳಿದ ಸ್ವಯಂಸೇವಕರು ನೂರರಷ್ಟು. ವೆಲ್ಲೆಸ್ಲಿಗೆ ಸಿಕ್ಕಿದ್ದು ಯುದ್ಧಕ್ಕೆ ಬೇಕಾಗಿದ್ದ ನೆಪ. ಒಬ್ಬ ಅರಸನ ಶೌರ್ಯವಾಗಲಿ ಇನ್ನೊಬ್ಬ ಅರಸನ ಎಚ್ಚರಿಕೆಯಾಗಲಿ ಪ್ರಜೆಗಳ ಸಮಾಲೋಚನೆಯ ಸ್ಥಾನವನ್ನು ತುಂಬಲಾರದೆ ಹೋಯಿತು.

ಅಮೆರಿಕದ ಬೀದಿಗಳಲ್ಲಿ ಒಂದು ಒಪ್ಪಂದ

ಈಗ ಅದೇ 1795ರ ಅಮೆರಿಕವನ್ನು ನೋಡೋಣ. ಅಲ್ಲಿಯ ಪರಿಸ್ಥಿತಿಯೂ ಬಹಳ ಬೇರೆಯಾಗಿರಲಿಲ್ಲ. ಸಾಲದ ಹೊರೆ, ಸಣ್ಣ ಸೈನ್ಯ, ದುರ್ಬಲವಾದ ನೌಕಾಬಲ. 1778ರ ಒಪ್ಪಂದದಂತೆ ಫ್ರಾನ್ಸ್ ಅವರ ಮಿತ್ರದೇಶ. ಆದರೆ ವ್ಯಾಪಾರವೆಲ್ಲ ಹೆಚ್ಚಾಗಿ ಇಂಗ್ಲೆಂಡಿನೊಡನೆ. 1793ರಲ್ಲಿ ಆ ಎರಡು ದೇಶಗಳ ನಡುವೆ ಯುದ್ಧ ಆರಂಭವಾದಾಗ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಏಪ್ರಿಲ್ 22ರಂದು ತಾಟಸ್ಥ್ಯವನ್ನು ಘೋಷಿಸಿದರು. ಅವರ ಮಂತ್ರಿಗಳಲ್ಲಿಯೇ ಹ್ಯಾಮಿಲ್ಟನ್ ಇಂಗ್ಲಿಷರ ಕಡೆಗೂ ಜೆಫರ್ಸನ್ ಫ್ರೆಂಚರ ಕಡೆಗೂ ಒಲಿದಿದ್ದರು. ಹೈದರಾಬಾದಿನ ದರ್ಬಾರಿನಲ್ಲಿ ಇದ್ದ ಒಡಕೇ ಅಲ್ಲಿಯೂ ಇತ್ತು.

ಇಂಗ್ಲೆಂಡಿನೊಡನೆ ಯುದ್ಧವನ್ನು ತಪ್ಪಿಸಲೆಂದು ಮುಖ್ಯ ನ್ಯಾಯಾಧೀಶ ಜಾನ್ ಜೇ ಲಂಡನ್ನಿಗೆ ಹೋದರು. 1794ರ ನವೆಂಬರ್ 19ರಂದು ಸಹಿಯಾದ ಒಪ್ಪಂದವು ಅಮೆರಿಕಕ್ಕೆ ಸಿಹಿಯಾಗಿರಲಿಲ್ಲ. ಅಮೆರಿಕದ ನೆಲದಲ್ಲಿ ತಾವು ಇಟ್ಟುಕೊಂಡಿದ್ದ ಕೋಟೆಗಳನ್ನು ತೆರವು ಮಾಡಲು ಇಂಗ್ಲಿಷರು ಒಪ್ಪಿದರು. ಆದರೆ ಅಮೆರಿಕದ ನಾವಿಕರನ್ನು ಬಲವಂತವಾಗಿ ಹಿಡಿದೊಯ್ಯುವ ಪದ್ಧತಿಯ ಬಗ್ಗೆ ಒಪ್ಪಂದವು ಮೌನವಾಗಿತ್ತು.

ಸರಕಾರವು ಈ ಒಪ್ಪಂದವನ್ನು ಗುಟ್ಟಾಗಿಯೇ ಇಡಲು ಬಯಸಿತ್ತು. ಸೆನೆಟ್ ಮುಚ್ಚಿದ ಬಾಗಿಲ ಹಿಂದೆ ಚರ್ಚಿಸಿ, ಹನ್ನೆರಡನೆಯ ವಿಧಿಯನ್ನು ತಿರಸ್ಕರಿಸಿ, ಉಳಿದುದನ್ನು 1795ರ ಜೂನ್ 24ರಂದು 20ಕ್ಕೆ 10 ಮತಗಳಿಂದ ಒಪ್ಪಿತು. ಬೇಕಾಗಿದ್ದುದು ಮೂರನೆಯ ಎರಡು ಪಾಲು. ಬಂದದ್ದೂ ಸರಿಯಾಗಿ ಅಷ್ಟೇ. ಆದರೆ ಸೆನೆಟಿನ ಸದಸ್ಯರೊಬ್ಬರು ಅದನ್ನು ಫಿಲಡೆಲ್ಫಿಯಾದ ಪತ್ರಿಕೆಯೊಂದಕ್ಕೆ ಕೊಟ್ಟುಬಿಟ್ಟರು. ಊರೂರಿನಲ್ಲಿ ಸಭೆಗಳು ಸೇರಿದವು. ಜೇ ಅವರ ಪ್ರತಿಕೃತಿಗಳನ್ನು ಸುಡಲಾಯಿತು. ಹ್ಯಾಮಿಲ್ಟನ್ನರ ಮೇಲೆ ನ್ಯೂಯಾರ್ಕಿನಲ್ಲಿ ಕಲ್ಲು ತೂರಲಾಯಿತು. ಅವರು ಪತ್ರಿಕೆಗಳಲ್ಲಿ ಲೇಖನದ ಮೇಲೆ ಲೇಖನ ಬರೆದು ಜನರಿಗೆ ಉತ್ತರ ಕೊಡಬೇಕಾಯಿತು. 1796ರ ಏಪ್ರಿಲ್‌ನಲ್ಲಿ ಒಪ್ಪಂದದ ಖರ್ಚಿಗೆ ಹಣ ಮಂಜೂರು ಮಾಡುವ ಪ್ರಶ್ನೆ ಪ್ರತಿನಿಧಿ ಸಭೆಗೆ ಬಂದಾಗ 51ಕ್ಕೆ 48 ಮತಗಳಿಂದ ಅದು ಹೇಗೋ ಗೆದ್ದಿತು.

ಅದು ಗದ್ದಲದ, ಕಹಿಯಾದ ಜಗಳವೇ ಆಗಿತ್ತು. ಆದರೆ ಆ ಜಗಳದಲ್ಲಿ ಒಂದು ಬಲವಿತ್ತು. ಒಪ್ಪಂದವನ್ನು ವಿರೋಧಿಸಿದವರೂ ಅದು ತಮ್ಮ ಸಭೆಯಲ್ಲಿ ಎಣಿಕೆಯಾಗಿ ಬಂದುದೆಂದು ತಿಳಿದಿದ್ದರು. ಮುಂದಿನ ಚುನಾವಣೆಯಲ್ಲಿ ಅದಕ್ಕೆ ಉತ್ತರ ಕೇಳಬಹುದಿತ್ತು. 1798ರಲ್ಲಿ ಸರಕಾರವು ಟೀಕಾಕಾರರನ್ನು ಸೆರೆಗೆ ತಳ್ಳುವ ಕಾಯಿದೆ ತಂದಾಗ, 1800ರ ಚುನಾವಣೆಯಲ್ಲಿ ಜನರು ಆ ಪಕ್ಷವನ್ನು ಇಳಿಸಿ ಜೆಫರ್ಸನ್ನರನ್ನು ಆರಿಸಿದರು. 1796ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ ಪತ್ರಿಕೆಯ ಮೂಲಕ ದೇಶಕ್ಕೆ ಬಿನ್ನವಿಸಿದ ವಿದಾಯದ ಮಾತುಗಳಲ್ಲಿ, ಯಾವುದೇ ಪರರಾಷ್ಟ್ರದೊಡನೆ ಶಾಶ್ವತ ಮೈತ್ರಿಗೆ ಕಟ್ಟುಬೀಳಬಾರದೆಂದು ಎಚ್ಚರಿಸಿದ್ದರು. ನಾಲ್ಕು ವರ್ಷಗಳ ತರುವಾಯ ಹೈದರಾಬಾದ್ ಸಹಿ ಹಾಕಿದ್ದು ಅಂತಹದೇ ಶಾಶ್ವತ ಮೈತ್ರಿಗೆ.

ಈ ಎಳೆಯ ಗಣರಾಜ್ಯಕ್ಕೂ ಮುಸ್ಲಿಮ್ ಜಗತ್ತಿಗೂ ಇದ್ದ ನಂಟನ್ನು ನಮ್ಮ ಮಕ್ಕಳು ತಿಳಿದಿರಬೇಕು. 1777ರಲ್ಲಿಯೇ ಮೊರಾಕ್ಕೋದ ಸುಲ್ತಾನ್ ಸಿದಿ ಮುಹಮ್ಮದ್ ಬಿನ್ ಅಬ್ದುಲ್ಲಾರು ಅಮೆರಿಕದ ಹಡಗುಗಳಿಗೆ ತಮ್ಮ ಬಂದರುಗಳನ್ನು ತೆರೆದರು. 1786ರಲ್ಲಿ ಎರಡೂ ದೇಶಗಳ ನಡುವೆ ಆದ ಸ್ನೇಹ ಒಪ್ಪಂದದ ಬುನಾದಿಯ ಮೇಲೆಯೇ ಆ ಸಂಬಂಧ ಇಂದಿಗೂ ನಿಂತಿದೆ. 1797ರ ಜೂನ್‌ನಲ್ಲಿ ಸೆನೆಟ್ ಒಬ್ಬರ ವಿರೋಧವೂ ಇಲ್ಲದೆ ಒಪ್ಪಿದ ಟ್ರಿಪೋಲಿಯ ಒಪ್ಪಂದದ ಇಂಗ್ಲಿಷ್ ಪಾಠದ ಹನ್ನೊಂದನೆಯ ವಿಧಿಯು, ಅಮೆರಿಕದ ಸರಕಾರವು ಕ್ರೈಸ್ತ ಧರ್ಮದ ಮೇಲೆ ಸ್ಥಾಪಿತವಾದುದಲ್ಲವೆಂದೂ ಮುಸ್ಲಿಮರ ಧರ್ಮದ ಮೇಲೆ ಅದಕ್ಕೆ ಯಾವ ಹಗೆಯೂ ಇಲ್ಲವೆಂದೂ ಸಾರಿತು. 1801ರಲ್ಲಿ ಕಾಣಿಕೆಯ ಹಣದ ವಿಷಯದಲ್ಲಿ ಅದೇ ಟ್ರಿಪೋಲಿಯೊಡನೆ ಯುದ್ಧವೂ ನಡೆಯಿತೆಂಬುದನ್ನು ಮರೆಯುವಂತಿಲ್ಲ.

ಕೇಳದೆ ಬಿಟ್ಟವರು

ಹಾಗೆಂದು ಅಮೆರಿಕವನ್ನು ಆದರ್ಶವೆಂದು ಎತ್ತಿ ಹಿಡಿಯುವುದು ನಮ್ಮ ಉದ್ದೇಶವಲ್ಲ. ನಮ್ಮ ಪ್ರಶ್ನೆಯನ್ನು ಅವರಿಗೂ ಕೇಳಬೇಕು: ಅಲ್ಲಿ ಕೇಳಿದ್ದು ಯಾರನ್ನು? ಸಂಧಿಯ ಚರ್ಚೆ ಬೀದಿಬೀದಿಗಳಲ್ಲಿ ನಡೆದ 1795ರಲ್ಲಿಯೇ, ಆಗಸ್ಟ್ ತಿಂಗಳಿನಲ್ಲಿ, ಗ್ರೀನ್‌ವಿಲ್ ಎಂಬಲ್ಲಿ ಅಲ್ಲಿಯ ಮೂಲನಿವಾಸಿಗಳು ಓಹಿಯೋ ಪ್ರದೇಶದ ಬಹುಭಾಗವನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಹಿಂದಿನ ವರ್ಷ ಯುದ್ಧದಲ್ಲಿ ಸೋತು ಓಡಿ ಬಂದಾಗ ಅವರು ನಂಬಿದ್ದ ಇಂಗ್ಲಿಷರ ಕೋಟೆ ಬಾಗಿಲು ತೆರೆದಿರಲಿಲ್ಲ. ಖರ್ಡಾದಲ್ಲಿ ನಿಜಾಮರಿಗೆ ಆದ ಅನುಭವವೇ ಅವರಿಗೂ ಆಯಿತು. ಜೇ ಒಪ್ಪಂದದಿಂದ ಆ ಕೋಟೆಗಳೂ ತೆರವಾದಾಗ ಅವರಿಗೆ ಯಾವ ಆಸರೆಯೂ ಉಳಿಯಲಿಲ್ಲ. ಲಂಡನ್ನಿನ ಮಾತುಕತೆಯಲ್ಲಿ ಅವರ ಪರವಾಗಿ ಯಾರೂ ಕುಳಿತಿರಲಿಲ್ಲ.

ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಸಮ್ಮತಿಯ ಮಾತಂತೂ ಏಳಲೇ ಇಲ್ಲ. ಅವರಲ್ಲಿ ಮುಸ್ಲಿಮರೂ ಬಹಳ ಮಂದಿ ಇದ್ದರು. 1807ರಲ್ಲಿ ಚಾರ್ಲ್ಸ್‌ಟನ್ನಿಗೆ ಸಾಗಿಸಲ್ಪಟ್ಟ ಉಮರ್ ಬಿನ್ ಸಈದ್ ಎಂಬ ವಿದ್ವಾಂಸರು 1831ರಲ್ಲಿ ತಮ್ಮ ಜೀವನವನ್ನು ಅರಬಿಯಲ್ಲಿ ಬರೆದರು. ಆ ಬರಹದ ಆರಂಭದಲ್ಲಿ ಅವರು ಇಟ್ಟದ್ದು ಸೂರಃ ಅಲ್‌ಮುಲ್ಕ್. ಪ್ರಭುತ್ವವು ಅಲ್ಲಾಹನ ಕೈಯಲ್ಲಿದೆ ಎಂಬ ಸಾಕ್ಷ್ಯದಿಂದ ತೊಡಗುವ ಆ ಅಧ್ಯಾಯವನ್ನು, ತನ್ನ ದೇಹದ ಮೇಲೂ ಹಕ್ಕಿಲ್ಲದ ಒಬ್ಬ ಮನುಷ್ಯನು ಸ್ವಾತಂತ್ರ್ಯದ ನಾಡಿನಲ್ಲಿ ಕುಳಿತು ಬರೆದನು. ಬಿಳಿಯರನ್ನಷ್ಟೇ ಕೇಳಿದ ಆ ಗಣರಾಜ್ಯವು ಕೇಳದವರ ಮೇಲೆ ಹೊರಿಸಿದ ಬೆಲೆಯನ್ನು ಮುಂದೆ 1861ರಿಂದ ನಾಲ್ಕು ವರ್ಷಗಳ ಅಂತರ್ಯುದ್ಧದಲ್ಲಿ ತಾನೇ ತೆರಬೇಕಾಯಿತು.

ಕಂದಕದ ದಡದಲ್ಲಿ

ಹೈದರಾಬಾದ್ ಮತ್ತು ಫಿಲಡೆಲ್ಫಿಯಾಗಳನ್ನು ಅಳೆಯಲು ನಮ್ಮ ಬಳಿ ಬೇರೆಯೇ ಒಂದು ಅಳತೆಗೋಲಿದೆ. ಅದು ಮದೀನಾದ್ದು. ಹಿಜರಿ ಐದರಲ್ಲಿ ಕುರೈಶರೂ ಗತಫಾನ್ ಬುಡಕಟ್ಟಿನವರೂ ಕೂಡಿ ಮದೀನಾವನ್ನು ಮುತ್ತಿದರು. ಕಂದಕದ ಈಚೆಗೆ ಹಸಿವು, ಚಳಿ, ಭಯ. ಮುತ್ತಿಗೆಯನ್ನು ಒಡೆಯಲು ಪ್ರವಾದಿ ಮುಹಮ್ಮದ್(ಸ)ರು ಗತಫಾನಿನ ಮುಖಂಡರೊಡನೆ ಮಾತುಕತೆ ನಡೆಸಿದರು. ಅವರು ಹಿಂದಿರುಗಿದರೆ ಮದೀನಾದ ಖರ್ಜೂರದ ಫಸಲಿನಲ್ಲಿ ಮೂರನೆಯ ಒಂದು ಪಾಲನ್ನು ಕೊಡುವುದೆಂದು ಕರಡೂ ಸಿದ್ಧವಾಯಿತು. ಆದರೆ ಅದನ್ನು ಅಂತಿಮಗೊಳಿಸುವ ಮುನ್ನ ಪ್ರವಾದಿವರ್ಯ(ಸ)ರು ಅನ್ಸಾರರ ನಾಯಕರಾದ ಹ. ಸಅದ್ ಬಿನ್ ಮುಆದ್(ರ) ಮತ್ತು ಹ. ಸಅದ್ ಬಿನ್ ಉಬಾದಾ(ರ)ರನ್ನು ಕರೆಸಿ ಅಭಿಪ್ರಾಯ ಕೇಳಿದರು. ಏಕೆಂದರೆ ಆ ಖರ್ಜೂರದ ತೋಟಗಳು ಅನ್ಸಾರರವು.

ಅವರು ಮೊದಲು ಕೇಳಿದ್ದು, ಇದು ಅಲ್ಲಾಹನ ಆಜ್ಞೆಯೇ ಅಥವಾ ನಮಗಾಗಿ ತಾವು ಯೋಚಿಸಿದ ಉಪಾಯವೇ ಎಂದು. ನಿಮಗಾಗಿ ಯೋಚಿಸಿದ್ದು ಎಂಬ ಉತ್ತರ ಬಂದಾಗ ಅವರು ವಿನಯದಿಂದ, ಆದರೆ ದೃಢವಾಗಿ ನಿರಾಕರಿಸಿದರು. ಅಜ್ಞಾನದ ಕಾಲದಲ್ಲಿಯೂ ಅತಿಥಿಗಳಾಗಿ ಅಥವಾ ಬೆಲೆ ಕೊಟ್ಟಲ್ಲದೆ ನಮ್ಮ ಒಂದು ಖರ್ಜೂರವನ್ನೂ ತಿನ್ನಲು ಆಶಿಸದವರಿಗೆ, ಇಸ್ಲಾಮಿನಿಂದ ಗೌರವ ಪಡೆದ ಮೇಲೆ ಕಪ್ಪ ಕೊಡುವುದೇ ಎಂಬುದು ಅವರ ವಾದದ ಸಾರ. ಪ್ರವಾದಿ(ಸ)ರು ಒಪ್ಪಿದರು. ಸಅದ್ ಬಿನ್ ಮುಆದ್(ರ) ಆ ಕರಡಿನ ಬರಹವನ್ನು ಅಳಿಸಿಬಿಟ್ಟರು.

ದಿವ್ಯವಾಣಿಯನ್ನು ಪಡೆಯುತ್ತಿದ್ದ ಪ್ರವಾದಿಯೇ ಬೆಲೆ ತೆರುವವರನ್ನು ಕೇಳಿದರು. ಅವರ ಮಾತಿಗೆ ತಮ್ಮ ಕರಡನ್ನು ಬಿಟ್ಟುಕೊಟ್ಟರು. ಇದಕ್ಕೂ ಹಿಂದೆ ಉಹುದ್ ಯುದ್ಧದಲ್ಲಿ ಬಹುಮತದ ಸಲಹೆಯಂತೆ ಊರ ಹೊರಗೆ ಹೋಗಿ ಕಾದಾಡಿ ಭಾರೀ ನಷ್ಟವಾಗಿತ್ತು. ಆದರೂ ಆ ಬಳಿಕ ಅವತೀರ್ಣಗೊಂಡ ಆಲಿ ಇಮ್ರಾನ್ ಅಧ್ಯಾಯದ 159ನೆಯ ಸೂಕ್ತವು ಸಂಗಾತಿಗಳೊಡನೆ ಸಮಾಲೋಚಿಸಬೇಕೆಂದೇ ಆದೇಶಿಸಿತು. ಒಂದು ಸಲಹೆ ತಪ್ಪಾಯಿತೆಂದು ಸಮಾಲೋಚನೆಯ ಬಾಗಿಲನ್ನು ಮುಚ್ಚಲಿಲ್ಲ. ಅಶ್ಶೂರಾ ಅಧ್ಯಾಯದ 38ನೆಯ ಸೂಕ್ತವು ಸಮಾಲೋಚನೆಯನ್ನು ನಮಾಝ್ ಮತ್ತು ದಾನಗಳ ನಡುವೆಯೇ ಇರಿಸಿ ಸತ್ಯವಿಶ್ವಾಸಿಗಳ ಲಕ್ಷಣವಾಗಿ ಎಣಿಸಿತು.

ಮುಂದಿನ ವರ್ಷ ಹುದೈಬಿಯಾದಲ್ಲಿ ಅಲ್ಲಾಹನ ಮಾರ್ಗದರ್ಶನದಂತೆ ಸಂಧಿಯಾದಾಗ ಹ. ಉಮರ್(ರ)ರು ಬಹಿರಂಗವಾಗಿಯೇ ತಮ್ಮ ಸಂಕಟವನ್ನು ತೋಡಿಕೊಂಡರು. ಅವರ ಬಾಯಿ ಮುಚ್ಚಿಸಲಿಲ್ಲ; ಉತ್ತರ ಕೊಡಲಾಯಿತು. ಸಹಿಯಾದ ಮೇಲೆ, ಸಂಕೋಲೆಯೊಂದಿಗೆ ಓಡಿ ಬಂದ ಅಬೂ ಜಂದಲ್(ರ)ರನ್ನು ಹಿಂದಿರುಗಿಸಬೇಕಾದ ನೋವಿನಲ್ಲಿಯೂ ಮುಸ್ಲಿಮರು ಮಾತನ್ನು ಮುರಿಯಲಿಲ್ಲ. ಕರಾರುಗಳನ್ನು ಪೂರೈಸಿರೆಂಬ ಅಲ್ ಮಾಇದಾ ಅಧ್ಯಾಯದ ಮೊದಲ ಆಜ್ಞೆಯೂ ಶೂರಾದ ಆಜ್ಞೆಯೂ ಒಂದೇ ದೀನಿನವು. ಸಹಿಗೆ ಮೊದಲು ಸಮಾಲೋಚನೆ, ಸಹಿಯ ಬಳಿಕ ನಿಷ್ಠೆ.

ನಮ್ಮ ಹಳ್ಳಿಗಳ ಲೆಕ್ಕ

1800ರ ಸಂಧಿಯ ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. ನಿಜಾಮರ ಖರ್ಚಿನಲ್ಲಿಯೇ ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ ಕಂಟಿಂಜೆಂಟ್ ಎಂಬ ಮತ್ತೊಂದು ಸೈನ್ಯ ಬೆಳೆಯಿತು. ಅದರ ಸಂಬಳದ ಬಾಕಿ ಸಾಲವಾಯಿತು. ಸಾಲ ತೀರದೆ 1853ರಲ್ಲಿ ಬೀರಾರ್, ಧಾರಾಶಿವ ಮತ್ತು ರಾಯಚೂರು ದೋಆಬ್‌ಗಳನ್ನು ಕಂಪೆನಿಯ ವಶಕ್ಕೆ ಒಪ್ಪಿಸಬೇಕಾಯಿತು. ರಾಯಚೂರು ಮತ್ತು ಧಾರಾಶಿವ 1860ರಲ್ಲಿ ಮರಳಿದವು, ಬೀರಾರ್ ಮರಳಲಿಲ್ಲ. 1902ರಲ್ಲಿ ಅದನ್ನು ವರ್ಷಕ್ಕೆ 25 ಲಕ್ಷ ರೂಪಾಯಿಗೆ ಶಾಶ್ವತ ಗುತ್ತಿಗೆಗೆ ಬರೆದುಕೊಡಲಾಯಿತು. ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ 1874ರಲ್ಲಿ ತೆರೆದ ರೈಲುಮಾರ್ಗಕ್ಕೂ ಹಣ ನಿಜಾಮರ ಬೊಕ್ಕಸದಿಂದಲೇ ಹೋಯಿತು. ಆ ದಾರಿ ಊರಿಗೆ ಉಪಕಾರವನ್ನೂ ಮಾಡಿತು. ಆದರೆ ಅದು ಸೇರುತ್ತಿದ್ದುದು ಇಂಗ್ಲಿಷರ ಸೈನ್ಯ ನೆಲೆಸಿದ್ದ ದಂಡುಪ್ರದೇಶವನ್ನು. ಬೊಕ್ಕಸವೆಂದರೆ ಕೊನೆಗೆ ಜೋಳ, ತೊಗರಿ ಬೆಳೆಯುವ ರೈತನ ಬೆವರೇ ಅಲ್ಲವೇ? ಹಿಂದೂ, ಮುಸ್ಲಿಮ್ ಎಂಬ ಭೇದವಿಲ್ಲದೆ ಎಲ್ಲರೂ ತೆತ್ತರು, ಯಾರನ್ನೂ ಕೇಳಿರಲಿಲ್ಲ.

ಆದ್ದರಿಂದ ಈ ಇತಿಹಾಸವನ್ನು ಮಕ್ಕಳಿಗೆ ಹೇಳುವಾಗ ಇಬ್ಬರು ಅರಸರ ತಕ್ಕಡಿಯನ್ನು ಮಾತ್ರ ಅವರ ಕೈಗೆ ಕೊಡುವುದು ಸಾಲದು. ನಿಜಾಮರು ಹೆದರಿದ್ದರು, ಹೆದರಲು ಕಾರಣವೂ ಇತ್ತು. ಟಿಪ್ಪು ಧೀರರಾಗಿದ್ದರು, ಆ ಧೈರ್ಯ ಸುಳ್ಳಲ್ಲ. ಆದರೆ ಇಬ್ಬರ ಹಿಂದೆಯೂ ಎಣಿಕೆಗೆ ಬಾರದ ಲಕ್ಷಾಂತರ ಜನರಿದ್ದರು. ಅವರನ್ನು ಕೇಳುವ ಪದ್ಧತಿಯನ್ನು ನಮಗೆ ಮದೀನಾ ಕಲಿಸಿ ಹನ್ನೊಂದು ಶತಮಾನಗಳು ಕಳೆದಿದ್ದವು. ಅದನ್ನು ನಾವು ದರ್ಬಾರುಗಳಲ್ಲಿ ಕಳೆದುಕೊಂಡೆವು.

ಇಂದು ನಮ್ಮ ಕೈಯಲ್ಲಿ ಕೋಟೆಗಳಿಲ್ಲ, ದರ್ಬಾರುಗಳಿಲ್ಲ. ಆದರೆ ಮಸೀದಿಯ ಕಮಿಟಿಗಳಿವೆ, ವಕ್ಫ್ ಜಮೀನುಗಳಿವೆ, ಮದ್ರಸಾಗಳಿವೆ, ಮನೆಗಳಿವೆ. ಜಮಾಅತಿನ ಹೆಸರಿನಲ್ಲಿ ನಾಲ್ಕು ಮಂದಿ ಕರಾರು ಬರೆಯುತ್ತಾರೆ. ಚಂದಾ ಕೊಡುವವರಿಗೆ ಅದು ಸಹಿಯಾದ ಮೇಲೆ ತಿಳಿಯುತ್ತದೆ. ಹಿರಿಯರು ಕೂತು ಮದುವೆಯ ಖರ್ಚು ನಿಶ್ಚಯಿಸುತ್ತಾರೆ. ಸಾಲ ತೀರಿಸುವ ಮಗನನ್ನಾಗಲಿ ಬಾಳಬೇಕಾದ ಮಗಳನ್ನಾಗಲಿ ಕೇಳುವುದಿಲ್ಲ. ಹುದೈಬಿಯಾದಲ್ಲಿ ಪ್ರವಾದಿ(ಸ)ರು ಪತ್ನಿ ಉಮ್ಮು ಸಲಮಾ(ರ)ರ ಸಲಹೆಯನ್ನು ಕೇಳಿ ಅದರಂತೆ ನಡೆದರೆಂಬುದನ್ನು ನಾವು ಭಾಷಣಗಳಲ್ಲಿ ಕೇಳಿ ಮೆಚ್ಚುತ್ತೇವೆ. ಮನೆಗೆ ಬಂದು ಮರೆಯುತ್ತೇವೆ. ಒಂದು ಕರಾರಿಗೆ ಸಹಿ ಹಾಕುವ ಮುನ್ನ ಅದರ ಖರ್ಜೂರ ಯಾರ ತೋಟದಿಂದ ಹೋಗುತ್ತದೆಂದು ಕೇಳುವ ರೂಢಿ ನಮ್ಮಲ್ಲಿ ಬೆಳೆಯಲಿ. ಕೇಳಿಸಿಕೊಂಡ ಮೇಲೆ ಕರಡನ್ನು ಅಳಿಸುವ ಧೈರ್ಯವನ್ನೂ, ಕೊಟ್ಟ ಮಾತನ್ನು ಉಳಿಸುವ ನಿಷ್ಠೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.